ಹೊತ್ತುವ ಹೊತ್ತು

ಮುಂಬಯಿ, ಗಿರಗಾಂವ
೧೪ ಜೂನ್ ೧೯೪೧

ಚಿ. ಸೌ. ನಿರುಪಮಾಳಿಗೆ ತ್ರ್ಯಂಬಕನ ಆಶೀರ್ವಾದ.

ಬಂದು ಮುಟ್ಟಿದೆ. ಖೋಲಿ ಮೂರನೆಯ ಮಾಳಿಗೆಯ ಮೇಲಿದೆ. ಹತ್ತುವಾಗ ದಮ್ಮು ಹತ್ತುತ್ತದೆ, ಇಳಿಯುವಾಗ ಉತ್ಸಾಹ ಇಳಿಯುತ್ತದೆ. ಕಚೇರಿಯ ಕೆಲಸ ಏನೆಂದು ಹೇಳಿದರೆ ನೀನು ನಗುತ್ತೀ. ಯುದ್ಧ ನಡೆದಿರುವುದರಿಂದ ಸರಕಾರಕ್ಕೆ ಕನ್ನಡ ಪತ್ರಗಳ ಮೇಲೂ ಸಂಶಯ. ಧಾರವಾಡದ ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸಿಕೊಂಡಿದ್ದ ನನ್ನನ್ನು ಒಂದು ವರ್ಷದ ಮಟ್ಟಿಗೆ ಇಲ್ಲಿ ತಂದು ಕೂಡಿಸಿ, ಕಂಡವರ ಟಪಾಲು ಓದಲು ಹಚ್ಚಿದ್ದಾರೆ. ಹಡಗು, ಪಲ್ಟನ್ನು, ಬಂದರು ಎಂದು ಬಂದಲ್ಲಿ ಮಸಿ ಬಳಿಯಬೇಕು. ಬರೆದದ್ದನ್ನು ಮಾತ್ರವಲ್ಲ, ಬರೆಯದೆ ಬಿಟ್ಟದ್ದನ್ನೂ ಓದಬೇಕೆಂದು ಮೇಲಿನವರ ಅಪ್ಪಣೆ. ಮಂದಿಯ ಪತ್ರ ಓದಬಾರದೆಂದು ಅವ್ವ ಸಣ್ಣಂದಿನಲ್ಲಿ ಹೊಡೆದು ಕಲಿಸಿದ್ದಳು. ಆ ಪೆಟ್ಟೆಲ್ಲ ವ್ಯರ್ಥವಾಯಿತು.

ಇನ್ನು ಮುಖ್ಯ ವಿಷಯ, ಗಾಡಿ. ಅದನ್ನು ವಾರಕ್ಕೊಮ್ಮೆ ಮೆತ್ತನ್ನ ಅರಿವೆಯಿಂದ ಒರಸು. ಬೇಕಾದರೆ ನಾಲ್ಕು ಮಾತಾಡಿಸು. ಚಾಲೂ ಮಾತ್ರ ಮಾಡಬೇಡ. ಕಾಲೇಜಿನ ಬಯಲಿನಲ್ಲಿ ನಾನೇ ನಿನಗೆ ನಡೆಸಲು ಕಲಿಸಿದೆನೆಂಬುದು ಖರೆ. ಆದರೆ ನಡೆಸುವುದು ಬೇರೆ, ಅದರ ಮರ್ಜಿ ಹಿಡಿಯುವುದು ಬೇರೆ. ಆ ಎಂಜಿನ್ನಿನ ಸ್ವಭಾವ ತಿಳಿದವನು ಧಾರವಾಡದಲ್ಲಿ ಒಬ್ಬನೇ ಇದ್ದ, ಅವನೀಗ ಮುಂಬಯಿಯಲ್ಲಿದ್ದಾನೆ. ಅವ್ವನ ಕಣ್ಣು ತೋರಿಸಲು ಹುಬ್ಬಳ್ಳಿಗೆ ಹೋಗುವುದಾದರೆ ರೈಲು ಇದೆ.

ನನ್ನ ತರಗತಿಗಳನ್ನು ದತ್ತುವಿಗೆ ಕೊಟ್ಟಿದ್ದಾರಂತೆ. ಹೆಸರಿಗೆ ತಕ್ಕಂತೆ ಮಂದಿಯ ಮಕ್ಕಳನ್ನು ತನ್ನವೆಂದುಕೊಳ್ಳಲು ಅವನಿಗೆ ತಡವಾಗಲಾರದು. ಹುಡುಗರು ಅವನ ವಿನೋದಕ್ಕೆ ನಗುತ್ತಾರೋ ಹೇಗೆ, ತಿಳಿಸು.

ತ್ರ್ಯಂಬಕ


ಧಾರವಾಡ, ಮಾಳಮಡ್ಡಿ
೨೫ ಜೂನ್ ೧೯೪೧

ಸೇವೆಯಲ್ಲಿ ನಿರುಪಮಾ ಮಾಡುವ ನಮಸ್ಕಾರಗಳು.

ನಿಮ್ಮ ಅಪ್ಪಣೆಯನ್ನು ಪತ್ರ ಮುಟ್ಟಿದ ದಿನದಿಂದ ಶುಕ್ರವಾರದವರೆಗೆ ಚಾಚೂ ತಪ್ಪದೆ ಪಾಲಿಸಿದೆ. ಗುರುವಾರ ಅತ್ತೆಯವರನ್ನು ರೈಲಿನಲ್ಲೇ ಕರೆದುಕೊಂಡು ಹೋದೆ. ನವಲೂರು ದಾಟುವಷ್ಟರಲ್ಲಿ ಎಂಜಿನ್ನಿನ ಕಲ್ಲಿದ್ದಲ ಪುಡಿ ಅವರ ಕಣ್ಣಲ್ಲಿ ಬಿತ್ತು. ಡಾಕ್ಟರರು ನೋಡಿ, ಪೊರೆ ಬಂದ ಕಣ್ಣು, ಇನ್ನು ಮೇಲೆ ರೈಲು ಬೇಡವೇ ಬೇಡ ಎಂದು ನನ್ನನ್ನೇ ಗದರಿಸಿದರು. ಆದ್ದರಿಂದ ಶನಿವಾರ ಗಾಡಿಗೆ ಹ್ಯಾಂಡಲ್ ಹಾಕಿ ತಿರುವಿದೆ. ಅದು ಎದುರು ತಿರುಗಿ ಒದೆಯಿತು. ಬಲಗೈ ಮಣಿಕಟ್ಟು ಬಾತುಕೊಂಡಿದೆ; ಈ ಅಕ್ಷರಗಳು ಸೊಟ್ಟಗಿದ್ದರೆ ಅದೇ ಕಾರಣ.

ಹುಬ್ಬಳ್ಳಿಯ ಮಲ್ಲಿಕಸಾಬರಿಗೆ ಹೇಳಿ ಕಳಿಸಿದೆ. ಮೂವತ್ತು ವರ್ಷ ಮೋಟಾರು ಬಿಚ್ಚಿದ ಕೈ ಅವರದು. ನೀವು ಗಾಡಿ ತಂದ ಹೊಸದರಲ್ಲಿ ಒಮ್ಮೆ ಅವರಿಗೆ ತೋರಿಸಿ, ಆ ಮೇಲೆ ಹತ್ತಿರ ಬರಗೊಟ್ಟಿರಲಿಲ್ಲ. ಭಾನುವಾರ ಮಧ್ಯಾಹ್ನ ಬಂದರು. ಮುಚ್ಚಳ ಎತ್ತಿ ನೋಡಿದರು, ಒಂದು ತೆಳ್ಳನೆಯ ತಾಮ್ರದ ಕೊಳವೆಯನ್ನು ಬಿಚ್ಚಿದರು, ಅದರ ಬಾಯೊಳಗೆ ಕಡ್ಡಿ ಹಾಕಿದರು, ಕೆಂಪು ಅರಗಿನ ತುಂಡೊಂದನ್ನು ಹೊರಗೆ ತೆಗೆದು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು.

"ರಾಯರು ಇದರ ಬಾಯಿಗೆ ಮುದ್ರಿ ಒತ್ಯಾರಲ್ರಿ ಬಾಯಾರ," ಎಂದರು. "ಮೂರು ವರ್ಷ ಗಾಡಿ ಉಸಿರು ಬಿಗಿ ಹಿಡಕೊಂಡು ಓಡೇತಿ."

ನನಗೆ ತಿಳಿದಷ್ಟು ಬರೆಯುತ್ತೇನೆ. ಎಂಜಿನ್ನಿನೊಳಗೆ ಪೆಟ್ರೋಲ್ ಹೊತ್ತುವುದಕ್ಕೂ ಒಂದು ಹೊತ್ತು ಇದೆಯಂತೆ. ಕಿಡಿ ತೀರ ಮೊದಲೇ ಬಿದ್ದರೆ ಕಟಕಟ ಬಡಿಯುತ್ತದೆ, ಹ್ಯಾಂಡಲ್ ಒದೆಯುತ್ತದೆ. ತಡವಾಗಿ ಬಿದ್ದರೆ ಗಾಡಿ ಮಂದವಾಗಿ ಕಾಯುತ್ತದೆ. ಸಪಾಟು ರಸ್ತೆಯಲ್ಲಿ ಕಾಲು ಹಗುರ ಇಟ್ಟಾಗ ಎಂಜಿನ್ನು ಆ ಕೊಳವೆಯಿಂದ ಗಾಳಿ ಹೀರಿ, ಕಿಡಿ ಹಂಚುವ ಡಬ್ಬಿಯೊಳಗಿನ ಪರದೆಯನ್ನು ಎಳೆದು, ಕಿಡಿಯನ್ನು ತಾನೇ ಸ್ವಲ್ಪ ಮುಂಚೆ ತಂದುಕೊಳ್ಳುತ್ತದೆ. ವ್ಯಾಕ್ಯೂಮ್ ಅಡ್ವಾನ್ಸ್ ಎನ್ನುತ್ತಾರಂತೆ. ನೀವು ಅದರ ಬಾಯಿ ಮುಚ್ಚಿದಿರಿ. ಗಾಡಿ ಮಂದವಾಯಿತೆಂದು ಡಬ್ಬಿಯನ್ನೇ ಮುಂದಕ್ಕೆ ತಿರುವಿಟ್ಟಿರಿ. ಒದ್ದದ್ದು ಅದಕ್ಕೇ. ಅವರು ಎಲ್ಲ ಸರಿಪಡಿಸಿ, ಸತ್ತೂರ ರಸ್ತೆಯ ಏರಿನವರೆಗೆ ನನ್ನಿಂದ ನಡೆಸಿಸಿದರು. ಹಿಂದೆ ಅತ್ತೆಯವರು ಕುಳಿತಿದ್ದರು. ಬಡಿತ ಎಲ್ಲಿ ಸುರುವಾಯಿತು, ಎಲ್ಲಿ ನಿಂತಿತು ಎಂದು ನಾನು ಹೇಳುವುದು, ಅವರು ಇಳಿದು ಕೂದಲೆಳೆಯಷ್ಟು ತಿರುವುವುದು. ನನ್ನ ಕಿವಿ ಛಲೋ ಎಂದರು.

ದತ್ತು ಅವರ ತರಗತಿಯಲ್ಲಿ ಮೊದಲ ದಿನ ಹುಡುಗರು ಎರಡು ಸಲ ನಕ್ಕರಂತೆ.

ನಿರುಪಮಾ


ಮುಂಬಯಿ
೨೮ ಜೂನ್ ೧೯೪೧

ಚಿ. ಸೌ. ನಿರುಪಮಾಳಿಗೆ ಆಶೀರ್ವಾದ.

ಅರಗು ನಾನೇ ಇಟ್ಟದ್ದು, ತಿಳಿದೇ ಇಟ್ಟದ್ದು. ಒಮ್ಮೆ ಆ ಕೊಳವೆ ಬಿಚ್ಚಿ ಬೆರಳಿಟ್ಟೆ. ಅದು ಬೆರಳನ್ನು ಹೀರಿತು. ಹೀರುವ ತೂತು ಸೋರುವ ತೂತು. ಸೋರುವ ತೂತನ್ನು ಮುಚ್ಚಬೇಕು. ಈ ಅನುಮಾನದಲ್ಲಿ ದೋಷವಿದ್ದರೆ ಮಲ್ಲಿಕಸಾಬರು ತೋರಿಸಲಿ. ವ್ಯಾಕ್ಯೂಮ್ ಅಡ್ವಾನ್ಸ್ ನನಗೆ ಗೊತ್ತಿಲ್ಲವೆಂದಲ್ಲ. ನಮ್ಮ ಕಚೇರಿಯ ಹಿರಿಯ ಸಾಹೇಬನ ತಲೆಯಲ್ಲಿ ವ್ಯಾಕ್ಯೂಮ್ ಧಾರಾಳವಾಗಿದೆ. ಇಪ್ಪತ್ತು ವರ್ಷದಲ್ಲಿ ಅಡ್ವಾನ್ಸ್ ಆದದ್ದು ಯಾರೂ ಕಂಡಿಲ್ಲ.

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ, ಕಚೇರಿಯ ರೀತಿಯಿಂದ. ಅದರಲ್ಲಿ ಮಲ್ಲಿಕಸಾಬರ ಅಂಗೈ ಇದೆ, ಅವರ ಮೂವತ್ತು ವರ್ಷದ ಕೈ ಇದೆ, ಅವರ ಕೂದಲೆಳೆಯಷ್ಟು ತಿರುವುವ ಜಾಣತನ ಇದೆ. ಗಂಡನ ಹೆಸರು ಬರೆಯಬಾರದೆಂಬ ಪದ್ಧತಿ ನನಗೂ ಗೊತ್ತು. ಆದರೆ ಹೆಸರಿಲ್ಲದೆಯೂ ಒಬ್ಬನ ವಿಷಯ ಬರೆಯಲು ಬರುತ್ತದೆ. ನಾನು ಬರುವುದು ಎರಡೇ ಕಡೆ: ಕೊಳವೆಯ ಬಾಯಿ ಮುಚ್ಚಿದವನಾಗಿ, ಡಬ್ಬಿಯನ್ನು ತಪ್ಪು ತಿರುವಿದವನಾಗಿ.

ಅವರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು? ಚಹಾ ಕೊಟ್ಟೆಯಾ? ನನ್ನ ಹಸಿರು ಬಟ್ಟಲಿನಲ್ಲಿ ಕೊಟ್ಟಿರಲಾರೆ ಎಂದು ನಂಬಿದ್ದೇನೆ. ಅವರಿಗೆ ಅರವತ್ತು ದಾಟಿದೆಯೆಂಬುದು ಗೊತ್ತಿರುವುದರಿಂದ ಸಂಶಯ ಬೇರೆ ತರಹದ್ದಲ್ಲ. ನನ್ನ ಮನೆಯಲ್ಲಿ, ನನ್ನ ಗಾಡಿಯ ಮುಂದೆ ನಿಂತು, ನನ್ನ ಹೆಂಡತಿಯ ಕಿವಿಯನ್ನು ಬೇರೊಬ್ಬರು ಹೊಗಳಿದರು. ಹತ್ತು ವರ್ಷ ಆ ಕಿವಿಯಲ್ಲಿ ನಾನು ಮಾತಾಡಿದ್ದೇನೆ, ಅದು ಛಲೋ ಎಂದು ನನಗೆ ಹೊಳೆಯಲಿಲ್ಲ. ಇದನ್ನು ಇನ್ನೊಬ್ಬರ ಬಾಯಿಂದ ಕೇಳುವುದು ಹಿತವಾಗಿಲ್ಲ.

ಎರಡು ಸಲ ನಕ್ಕರೆಂದು ನಿನಗೆ ಯಾರು ಹೇಳಿದರು?

ತ್ರ್ಯಂಬಕ


ಧಾರವಾಡ
೧೦ ಜುಲೈ ೧೯೪೧

ನಮಸ್ಕಾರಗಳು.

ನಕ್ಕದ್ದನ್ನು ದತ್ತು ಅವರೇ ಹೇಳಿದರು. ಅವರ ಸೈಕಲ್ಲಿನ ಗಾಲಿ ಮುರಿದಿದೆ. ಮಂಗಳವಾರ, ಶುಕ್ರವಾರ ಅತ್ತೆಯವರನ್ನು ಕಣ್ಣಿಗೆ ಔಷಧ ಹಾಕಿಸಲು ಕರೆದೊಯ್ಯುವಾಗ ದಾರಿಯಲ್ಲಿ ಅವರನ್ನು ಕಾಲೇಜಿಗೆ ಬಿಡುತ್ತೇನೆ. ಮಲ್ಲಿಕಸಾಬರಿಗೆ ಚಹಾ ಕೊಟ್ಟೆ. ಬಟ್ಟಲು ಯಾವುದೆಂದು ನೆನಪಿಲ್ಲ.

ಮಲ್ಲಿಕಸಾಬರು ಈಗ ಎರಡು ಸಲ ಬಂದು ನನಗೆ ಕೆಲಸ ಕಲಿಸಿದ್ದಾರೆ. ಪ್ರತಿ ಸಲ ಹುಬ್ಬಳ್ಳಿಯಿಂದ ಬರುವುದು ಅವರಿಗೂ ತ್ರಾಸು. ಮೊದಲನೆಯ ಸಿಲಿಂಡರು ಗುರುತಿಗೆ ಬರುವವರೆಗೆ ಎಂಜಿನ್ನನ್ನು ಕೈಯಿಂದ ತಿರುವಬೇಕು. ಡಬ್ಬಿಯ ಮುಚ್ಚಳ ತೆಗೆದರೆ ಒಳಗೆ ಎರಡು ಪುಟ್ಟ ಲೋಹದ ತುದಿಗಳು ಒಂದಕ್ಕೊಂದು ತಾಗಿಕೊಂಡಿರುತ್ತವೆ. ನಡುವೆ ತೆಳ್ಳನೆಯ ಕಾಗದದ ಎಳೆ ಸಿಗಿಸಿ, ಅದನ್ನು ಮೆಲ್ಲಗೆ ಎಳೆಯುತ್ತ ಡಬ್ಬಿಯನ್ನು ತಿರುವಬೇಕು. ಬಿಗಿಯಾಗಿದ್ದ ಕಾಗದ ಯಾವ ಕ್ಷಣಕ್ಕೆ ಜಾರಿ ಕೈಗೆ ಬರುತ್ತದೆಯೋ ಅದೇ ಕಿಡಿ ಬೀಳುವ ಕ್ಷಣ. ಅಲ್ಲಿ ತಿರುಪು ಬಿಗಿಯಬೇಕು. ಇದಕ್ಕೆ ಸಿಗರೇಟಿನ ಕಾಗದ ಒಳ್ಳೆಯದಂತೆ. ಮಲ್ಲಿಕಸಾಬರು ಬೀಡಿಯವರು. ನಮ್ಮ ಮನೆಯಲ್ಲಿ ಸಿಗರೇಟು ಸೇದುವವರಿಲ್ಲ, ಅಥವಾ ಸೇದುತ್ತಾರೆಂದು ನನಗೆ ಗೊತ್ತಿಲ್ಲ. ಆದ್ದರಿಂದ ನಿಮ್ಮ ಪತ್ರದ ಅಂಚು ಕತ್ತರಿಸಿ ಉಪಯೋಗಿಸಿದೆ. ಮುಂಬಯಿಯ ಕಾಗದ ಬಹಳ ತೆಳ್ಳಗಿದೆ. ಸಿಟ್ಟಾಗಬೇಡಿರಿ, ಅಕ್ಷರವಿದ್ದ ಕಡೆ ಕತ್ತರಿ ಹಾಕಿಲ್ಲ.

ಈಗ ಗಾಡಿ ಅರ್ಧ ಸುತ್ತಿಗೆ ಚಾಲೂ ಆಗುತ್ತದೆ. ನನ್ನ ಕೈಯಿಂದಲೇ. ಮಣಿಕಟ್ಟು ಇನ್ನೂ ಸ್ವಲ್ಪ ನೋಯುತ್ತದೆ, ಆದರೂ ತಿರುವಲು ಬರುತ್ತದೆ. ಮೊನ್ನೆ ಅದರ ಸದ್ದು ಕೇಳಿ ಮಲ್ಲಿಕಸಾಬರು ಅತ್ತೆಯವರ ಮುಂದೆ, "ಈಗ ಸಿಕ್ಕಳ್ರಿ ಈ ಗಾಡಿಗೆ ಯಜಮಾನ್ತಿ," ಎಂದರು. ಅತ್ತೆಯವರು ನಕ್ಕರು. ನಾನೂ ನಕ್ಕೆ. ಇದನ್ನು ಬರೆಯಬಾರದೆಂದು ಮೊದಲು ಅಂದುಕೊಂಡಿದ್ದೆ. ಬಿಟ್ಟರೆ ನೀವು ಅದನ್ನೂ ಓದುತ್ತೀರೆಂದು ಬರೆದೆ.

ನಿರುಪಮಾ


ಮುಂಬಯಿ
೨೧ ಆಗಸ್ಟ್ ೧೯೪೧

ಪ್ರಿಯ ನಿರುಪಮಾ,

ಆರು ವಾರ ಪತ್ರ ಬರೆಯಲಾಗಲಿಲ್ಲ. ನಿನ್ನ ಎರಡು ಕಾರ್ಡೂ ಮುಟ್ಟಿದವು. ಗಾಡಿ ಅಷ್ಟು ಚೆನ್ನಾಗಿ ನಡೆಯುತ್ತಿರುವುದನ್ನು ಓದಿ ನನಗಾದ ಸಂತೋಷ ಶಬ್ದಗಳಲ್ಲಿ ಹಿಡಿಸುವುದಿಲ್ಲ. ಮಲ್ಲಿಕಸಾಬರಿಗೆ ನನ್ನ ಸಲಾಮು. ದತ್ತುವಿಗೂ ನೆನಪು ತಿಳಿಸು. ಸೈಕಲ್ ಗಾಲಿ ಇಷ್ಟು ದಿನವಾದರೂ ದುರಸ್ತಿಯಾಗದಿರುವುದು ಅವನ ಸ್ವಭಾವದ ಗಾಂಭೀರ್ಯವನ್ನು ತೋರಿಸುತ್ತದೆ.

ಇಲ್ಲಿ ಒಬ್ಬ ದೊಡ್ಡ ಎಂಜಿನಿಯರರ ಪರಿಚಯವಾಗಿದೆ. ಹೆಸರು ಬರೆಯುವಂತಿಲ್ಲ, ನಮ್ಮ ಕಚೇರಿಯ ನಿಯಮ ನಿನಗೆ ಗೊತ್ತೇ ಇದೆ. ನಮ್ಮ ಗಾಡಿಯ ಜಾತಕವನ್ನೆಲ್ಲ ಅವರ ಮುಂದಿಟ್ಟೆ. ಅವರು ತುಂಬ ವಿಚಾರ ಮಾಡಿ ಹೇಳಿದ್ದಿಷ್ಟು: ಆ ಡಬ್ಬಿಯ ಬುಡದಲ್ಲಿ ಗೆರೆಗಳಿವೆಯಲ್ಲ, ಈಗಿರುವಲ್ಲಿಂದ ಮೂರು ಗೆರೆ ಹಿಂದಕ್ಕೆ ತಿರುವಿ ಬಿಗಿಯಬೇಕು. ಕಿಡಿ ಆರು ಡಿಗ್ರಿ ತಡವಾಗಿ ಬೀಳಬೇಕು. ನಾನು ಹಗಲಿರುಳು ಓದಿ ಗಳಿಸಿದ್ದು ಎರಡೇ ಡಿಗ್ರಿ, ಗಾಡಿಗೆ ಕುಳಿತಲ್ಲೇ ಆರು ಸಿಗುತ್ತಿವೆ, ಬೇಡವೆನ್ನಬೇಡ.

ತಿರುವಿದ ಮೇಲೆ ಗಾಡಿ ಸ್ವಲ್ಪ ಮಂದವೆನಿಸಿದರೆ ಗಾಬರಿಯಾಗಬೇಡ. ಗೌರವಸ್ಥ ಗಾಡಿಗಳ ನಡಿಗೆಯೇ ಹಾಗೆ. ಮಲ್ಲಿಕಸಾಬರು ಒಪ್ಪದಿದ್ದರೆ, ಹಳೆಯ ಕೈಗೆ ಹೊಸ ಶಾಸ್ತ್ರ ತಿಳಿಯುವುದು ಕಷ್ಟವೆಂದು ವಿನಯದಿಂದಲೇ ಹೇಳು. ಮತ್ತೆ ಏನಾದರೂ ತೊಂದರೆಯಾದರೆ ನನಗೆ ಬರೆ. ಗಾಡಿಯ ಮರ್ಜಿ ತಿಳಿದವನಿಗೆ ಬರೆದರೆ ತಪ್ಪಿಲ್ಲ.

ನಿನ್ನ ತ್ರ್ಯಂಬಕ


ಧಾರವಾಡ
೧೮ ಸೆಪ್ಟೆಂಬರ್ ೧೯೪೧

ಸಾಷ್ಟಾಂಗ ನಮಸ್ಕಾರಗಳು. ಅಲಂಕಾರಕ್ಕೆ ಬರೆಯುತ್ತಿಲ್ಲ, ನಿಜವಾಗಿ ಮಾಡಬೇಕೆನಿಸಿದೆ.

ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ. ನಿಮ್ಮ ಪತ್ರವನ್ನು ಮಲ್ಲಿಕಸಾಬರಿಗೆ ಓದಿ ತೋರಿಸಿದೆ. ಅವರು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. ಓಡುವ ಗಾಡಿಯನ್ನು ಯಾಕೆ ಕೆಡಿಸಬೇಕೆಂದರು. ಇನ್ನೊಂದು ಮಾತನ್ನೂ ಅಂದರು, ಅದು ಈಗ ಬೇಡ. ನಾನು ಹಟ ಹಿಡಿದು ಮೂರು ಗೆರೆ ಹಿಂದಕ್ಕೆ ತಿರುವಿಸಿದೆ. ನೀವು ಹೇಳಿದಂತೆ ಗಾಡಿ ಮಂದವಾಯಿತು. ನಾಲ್ಕು ದಿನ ನನಗೆ ಅದರ ಹತ್ತಿರ ಹೋಗಲು ಮನಸ್ಸಾಗಲಿಲ್ಲ.

ಅಷ್ಟರಲ್ಲಿ ಪಡಿತರದ ಹೊಸ ಪೆಟ್ರೋಲ್ ಬಂತು. "ಇದು ಪೆಟ್ರೋಲ್ ಅಲ್ರಿ, ಬಣ್ಣದ ನೀರು," ಎಂದು ಮಲ್ಲಿಕಸಾಬರೇ ಉಗುಳಿದರು. ಆ ಪೆಟ್ರೋಲಿಗೆ ತಾಳ್ಮೆಯಿಲ್ಲ, ಕಿಡಿ ಚೂರು ಬೇಗ ಬಿದ್ದರೆ ಸಿಡಿದು ಬಡಿಯುತ್ತದೆ. ಹುಬ್ಬಳ್ಳಿಯ ಮೋಟಾರುಗಳೆಲ್ಲ ಕಟಕಟ ಹಲ್ಲು ಕಡಿಯುತ್ತ ನವಲೂರ ಏರಿನಲ್ಲಿ ಸಾಲಾಗಿ ನಿಂತವು. ನಾವು ಆ ಸಾಲಿನ ಪಕ್ಕದಿಂದ ಸದ್ದಿಲ್ಲದೆ ಹತ್ತಿ ಹೋದೆವು. ಕಿಡಿ ತಡವಾಗಿದ್ದದ್ದೇ ನಮ್ಮನ್ನು ಕಾಯಿತು. ಬೈರಿದೇವರಕೊಪ್ಪದ ಹತ್ತಿರ ಮಲ್ಲಿಕಸಾಬರು ಯಾರದೋ ಗಾಡಿಯ ಕೆಳಗೆ ಮಲಗಿದ್ದವರು ಎದ್ದು ಬಂದು, ನಮ್ಮ ಗಾಡಿಯ ಮುಚ್ಚಳದ ಮೇಲೆ ಕೈಯಿಟ್ಟರು. ಯುದ್ಧದ ಪೆಟ್ರೋಲ್ ಹೀಗೇ ಬರುವುದೆಂದು ರಾಯರಿಗೆ ತಿಂಗಳ ಮೊದಲೇ ಹೇಗೆ ತಿಳಿಯಿತೆಂದು ಕೇಳಿದರು.

ಈಗ ಹುಬ್ಬಳ್ಳಿಯ ಬಾಡಿಗೆ ಮೋಟಾರಿನವರೆಲ್ಲ ಮಲ್ಲಿಕಸಾಬರ ಹತ್ತಿರ ಬಂದು, "ರಾಯರ ಮೂರು ಗೆರಿ ಹಾಕ್ರಿ," ಎಂದು ಕೇಳುತ್ತಾರೆ. ದತ್ತು ಅವರು ತರಗತಿಯಲ್ಲಿ ನಿಮ್ಮ ದೂರದೃಷ್ಟಿಯನ್ನು ಅನುಮಾನಪ್ರಮಾಣಕ್ಕೆ ಉದಾಹರಣೆಯಾಗಿ ಹೇಳಿದರಂತೆ.

ನನ್ನದೊಂದು ತಪ್ಪಿದೆ. ನಿಮ್ಮ ಪತ್ರ ಓದಿದಾಗ, ಗಾಡಿ ನನ್ನ ಕೈಯಲ್ಲಿ ಚೆನ್ನಾಗಿ ಓಡುವುದು ನಿಮಗೆ ಸೇರದೆ ಹೀಗೆ ಬರೆದಿರೆಂದು ಎಣಿಸಿದೆ. ನಾಲ್ಕು ದಿನ ಹಾಗೇ ಎಣಿಸಿದೆ. ನಿಮ್ಮ ಬಗ್ಗೆ ಅಷ್ಟು ಹಲಕಾ ವಿಚಾರ ಹೇಗೆ ಬಂತೋ. ಕ್ಷಮಿಸಬೇಕು.

ನಿರುಪಮಾ


ಮುಂಬಯಿ
೨೪ ಸೆಪ್ಟೆಂಬರ್ ೧೯೪೧

ಚಿ. ಸೌ. ನಿರುಪಮಾಳಿಗೆ ಆಶೀರ್ವಾದ.

ಪತ್ರ ಮುಟ್ಟಿತು. ಕ್ಷಮೆಯ ಮಾತೇಕೆ? ಯಾರಿಗಾದರೂ ಏನಾದರೂ ವಿಚಾರ ಬರಬಹುದು. ಇಲ್ಲಿ ಮಳೆ ಇನ್ನೂ ನಿಂತಿಲ್ಲ. ಕೆಲಸ ಬಹಳ. ಮೂರು ಗೆರೆಯ ಕೀರ್ತಿ ಎಂಜಿನಿಯರರದು, ನನ್ನದಲ್ಲವೆಂದು ಮಲ್ಲಿಕಸಾಬರಿಗೆ ಹೇಳು. ತರಗತಿಯಲ್ಲಿ ನನ್ನ ಉದಾಹರಣೆ ಕೊಡಬೇಡವೆಂದು ದತ್ತುವಿಗೂ ಹೇಳು. ಆಗ ಹುಡುಗರು ನಕ್ಕರೋ?

ತ್ರ್ಯಂಬಕ


ಧಾರವಾಡ
೨೬ ಅಕ್ಟೋಬರ್ ೧೯೪೧

ನಮಸ್ಕಾರಗಳು.

ಒಂದು ತಿಂಗಳಾಯಿತು, ನಿಮ್ಮ ಪತ್ರವಿಲ್ಲ. ಇದಕ್ಕಾದರೂ ಬಂದ ದಿನವೇ ಉತ್ತರ ಬರೆಯಬೇಕು.

ಅತ್ತೆಯವರ ಕಣ್ಣಿನ ಪೊರೆ ತೆಗೆಸಲು ಮಿರಜಕ್ಕೆ ಕರೆದುಕೊಂಡು ಹೋಗಬೇಕೆಂದು ಡಾಕ್ಟರರು ಹೇಳಿದ್ದಾರೆ. ದಿನ ಗೊತ್ತಾಗಿದೆ. ರೈಲು ಅವರಿಗೆ ಸಲ್ಲದು. ನವೆಂಬರ್ ಮೂರನೆಯ ತಾರೀಖು, ಸೋಮವಾರ ಬೆಳಗಿನಲ್ಲಿ ಗಾಡಿಯಲ್ಲೇ ಹೊರಡುತ್ತೇವೆ. ಹೋಗಲಿಕ್ಕೇ ನೂರಿಪ್ಪತ್ತು ಮೈಲಿನ ಮೇಲೆ. ನಡೆಸುವವಳು ನಾನು. ಮಲ್ಲಿಕಸಾಬರು ಜೊತೆಗೆ ಬರುತ್ತಾರೆ.

ಪೆಟ್ರೋಲಿನ ಚಿಂತೆ ದತ್ತು ಅವರಿಂದ ನೀಗಿತು. ಬೆಳಗಾವಿಯಲ್ಲಿರುವ ಅವರ ಸೋದರಮಾವ ಪಡಿತರ ಬರುವ ಮೊದಲು ತೆಗೆದಿಟ್ಟ ನಾಲ್ಕು ಟಿನ್ನು ಕಳಿಸಿದ್ದಾರೆ. ಮೊದಲಿನ ಕಾಲದ ಉತ್ತಮ ಪೆಟ್ರೋಲ್. ತೊಂದರೆ ಬಂದದ್ದು ಇಲ್ಲಿಯೇ. ಈ ಪೆಟ್ರೋಲಿಗೆ ಮೂರು ಗೆರೆ ಮತ್ತೆ ಮುಂದಕ್ಕೆ ತಿರುವಲೇಬೇಕು, ಇಲ್ಲದಿದ್ದರೆ ಎಂಜಿನ್ನು ಕಾದು ಬೆಳಗಾವಿ ಮುಟ್ಟುವ ಮೊದಲೇ ನೀರು ಕುದಿಯುತ್ತದೆ ಎಂದು ಮಲ್ಲಿಕಸಾಬರು ಹೇಳುತ್ತಾರೆ. ಬಿಸಿಲಿನಲ್ಲಿ, ಬಯಲು ರಸ್ತೆಯಲ್ಲಿ, ಅತ್ತೆಯವರನ್ನು ಕೂಡಿಸಿಕೊಂಡು ನಿಲ್ಲಬೇಕಾದೀತು ಎನ್ನುತ್ತಾರೆ. ನಾನು ಒಪ್ಪಿಲ್ಲ. ಒಮ್ಮೆ ನಿಮ್ಮ ಮಾತಿನ ಮೇಲೆ ಸಂಶಯಪಟ್ಟು ತಪ್ಪಿದ್ದೇನೆ, ಇನ್ನೊಮ್ಮೆ ತಪ್ಪಲಾರೆ. ಎಂಜಿನಿಯರರನ್ನು ಕೇಳಿ ನೀವು ಬರೆಯುವವರೆಗೆ ಗೆರೆ ಕದಲಿಸುವುದಿಲ್ಲ. ಬರೆಯದಿದ್ದರೆ ಈಗಿದ್ದಂತೆಯೇ ಹೊರಡುವೆನೆಂದು ಮಲ್ಲಿಕಸಾಬರಿಗೆ ಹೇಳಿಬಿಟ್ಟಿದ್ದೇನೆ.

ನಿರುಪಮಾ


ಮುಂಬಯಿ
೨೮ ಅಕ್ಟೋಬರ್ ೧೯೪೧

ನಿರುಪಮಾ,

ಮೂರು ಗೆರೆ ಮುಂದಕ್ಕೆ ತಿರುವಿಸು. ಮಲ್ಲಿಕಸಾಬರು ಹೇಳಿದಂತೆಯೇ ಮಾಡು. ಮುಂದಿನದನ್ನು ಓದಿ ಸಿಟ್ಟು ಬಂದರೆ ಮೊದಲು ಗೆರೆ ತಿರುವಿಸಿ ಆ ಮೇಲೆ ಸಿಟ್ಟಾಗು.

ಎಂಜಿನಿಯರರು ಯಾರೂ ಇಲ್ಲ. ಗಾಡಿಯ ಜಾತಕವನ್ನು ನಾನು ಯಾರ ಮುಂದೆಯೂ ಇಟ್ಟಿಲ್ಲ. ಕಿಡಿ ತಡವಾದರೆ ಗಾಡಿ ಮಂದವಾಗುತ್ತದೆಂದು ನೀನೇ ಜೂನ್ ತಿಂಗಳಲ್ಲಿ ಬರೆದಿದ್ದೆ. ಅದನ್ನು ನೋಡಿಕೊಂಡೇ ಬರೆದೆ. ನಿನ್ನ ಕೈಯಲ್ಲಿ ಅರ್ಧ ಸುತ್ತಿಗೆ ಚಾಲೂ ಆಗುವ ಗಾಡಿ ಕೆಡಬೇಕು, ಮಲ್ಲಿಕಸಾಬರಿಂದ ಸರಿಯಾಗಬಾರದು, ದತ್ತು ನಡೆದುಕೊಂಡು ಕಾಲೇಜಿಗೆ ಹೋಗಬೇಕು, ನೀನು ಸೋತು, ನೀವಿಲ್ಲದೆ ಇದು ನಡೆಯುವುದಿಲ್ಲ ಎಂದು ನನಗೆ ಬರೆಯಬೇಕು. ಇಷ್ಟಕ್ಕಾಗಿ. ನಾಲ್ಕು ದಿನ ನೀನು ಎಣಿಸಿದೆಯಲ್ಲ, ಆ ಹಲಕಾ ವಿಚಾರ ಅಕ್ಷರಶಃ ಸರಿ. ಪೆಟ್ರೋಲ್ ಕೆಟ್ಟದ್ದರಿಂದ ನನ್ನ ಕೆಡುಕು ಒಳಿತಾಯಿತು. ಅದರಲ್ಲಿ ನನ್ನ ಪಾಲು ಏನೂ ಇಲ್ಲ.

ಎಂಜಿನ್ನಿಗೂ ಹೊಟ್ಟೆಯಲ್ಲೇ ಕಿಚ್ಚು. ಅದಕ್ಕೆ ಹೊತ್ತುವ ಹೊತ್ತು ಗೊತ್ತಿದೆ, ಅದರಿಂದ ಗಾಡಿ ಓಡುತ್ತದೆ. ನನ್ನದು ಹೊತ್ತುಗೊತ್ತಿಲ್ಲದೆ ಹೊತ್ತಿತು, ನಿಂತಲ್ಲೇ ನನ್ನನ್ನು ಸುಟ್ಟಿತು. ನಿನ್ನ ಸಾಷ್ಟಾಂಗ ನಮಸ್ಕಾರ ಬಂದ ಮೇಲಂತೂ ಇನ್ನೊಬ್ಬನ ಮೇಲೆ ಮತ್ಸರ ಸುರುವಾಯಿತು. ನೀನು ನಂಬಿಕೊಂಡಿದ್ದ ಆ ತ್ರ್ಯಂಬಕನ ಮೇಲೆ. ಅವನು ದೂರದೃಷ್ಟಿಯವನು, ಉದಾರಿ, ಹುಬ್ಬಳ್ಳಿಯಲ್ಲೆಲ್ಲ ಅವನ ಹೆಸರು. ಅವನು ನಾನಲ್ಲವೆಂದು ಬರೆದರೆ ನಿನಗೆ ಅವನೂ ಇಲ್ಲ, ನನಗೆ ನೀನೂ ಇಲ್ಲ ಎಂದು ಒಂದು ತಿಂಗಳು ಸುಮ್ಮನಿದ್ದೆ. ಈಗ ಅವ್ವನನ್ನು ಕೂಡಿಸಿಕೊಂಡು ಅವನ ಮಾತಿನ ಮೇಲೆ ಹೊರಟಿದ್ದೀ, ಇನ್ನು ಸುಮ್ಮನಿರಲು ಬರುವುದಿಲ್ಲ.

ಈ ಪತ್ರವನ್ನು ಮಲ್ಲಿಕಸಾಬರಿಗೆ ಓದಿ ತೋರಿಸಬೇಕೆನಿಸಿದರೆ ತೋರಿಸು. ಮಿರಜಕ್ಕೆ ದತ್ತುವೂ ಬರುತ್ತಾನೆಯೇ? ಬಂದರೆ ಎಲ್ಲಿ ಕೂಡುತ್ತಾನೆ? ಇದನ್ನು ಕೇಳುವ ಹಕ್ಕು ನನಗೀಗ ಇಲ್ಲ. ಆದರೂ ಕೇಳಿದೆ.

ತ್ರ್ಯಂಬಕ


ಮಿರಜ
೯ ನವೆಂಬರ್ ೧೯೪೧

ನಮಸ್ಕಾರ.

ಅತ್ತೆಯವರ ಕಣ್ಣಿನ ಪೊರೆ ತೆಗೆದರು. ಪಟ್ಟಿ ಇನ್ನೂ ಬಿಚ್ಚಿಲ್ಲ, ನೋವು ಕಡಿಮೆ ಇದೆ. ಗಾಡಿ ಎಲ್ಲಿಯೂ ನಿಲ್ಲಲಿಲ್ಲ. ನೀರು ಕುದಿಯಲಿಲ್ಲ. ದತ್ತು ಅವರು ಬಂದಿಲ್ಲ. ನಿಮ್ಮ ತರಗತಿಗಳನ್ನು ಬಿಟ್ಟು ಹೇಗೆ ಬರುತ್ತಾರೆ?

ನಿಮ್ಮ ಪತ್ರ ಗುರುವಾರ ಮುಟ್ಟಿತು. ಓದಿ ನನಗೆ ಅಳು ಬರಲಿಲ್ಲ, ನಗುವೂ ಬರಲಿಲ್ಲ. ಹೋಗಿ ಗಾಡಿಯಲ್ಲಿ ಒಬ್ಬಳೇ ಕುಳಿತೆ. ಆ ಮೇಲೆ ಮಲ್ಲಿಕಸಾಬರಿಗೆ ಹೇಳಿ ಕಳಿಸಿ, ಗೆರೆ ಮುಂದಕ್ಕೆ ತಿರುವಬೇಕೆಂದು ಪತ್ರ ಬಂದಿದೆ ಎಂದಷ್ಟೇ ಹೇಳಿದೆ. ರಾಯರು ಮುಂಬಯಿಯಲ್ಲಿ ಕುಳಿತು ಬೆಳಗಾವಿಯ ಟಿನ್ನಿನ ವಾಸನೆ ಹಿಡಿಯುತ್ತಾರೆಂದು ಅವರು ಬೆರಗಾದರು. ಹುಬ್ಬಳ್ಳಿಯಲ್ಲಿ ನಿಮ್ಮ ಹೆಸರು ಇನ್ನಷ್ಟು ದೊಡ್ಡದಾಗಿದೆ. ಅದನ್ನು ನಾನು ಇಳಿಸುವುದಿಲ್ಲ. ಹೊತ್ತುಕೊಂಡು ತಿರುಗಿರಿ.

ಆಗಸ್ಟಿನ ಪತ್ರ ಕೇಳಿ ಮಲ್ಲಿಕಸಾಬರು ಅಂದ ಮಾತೊಂದನ್ನು ಈಗ ಬೇಡವೆಂದು ಮುಚ್ಚಿಟ್ಟಿದ್ದೆ. ಈಗ ಬರೆಯುತ್ತೇನೆ. "ಇದು ಗಾಡಿ ಮ್ಯಾಲಿನ ಸಿಟ್ಟಲ್ರಿ ಬಾಯಾರ, ನಿಮ್ಮ ಮ್ಯಾಲಿನ ಸಿಟ್ಟು," ಎಂದಿದ್ದರು. ಅಂಥ ಮಾತು ಆಡಬಾರದೆಂದು ನಾನು ಅವರನ್ನು ಗದರಿಸಿದೆ. ತಂದೆಯ ವಯಸ್ಸಿನವರು ನನ್ನೆದುರು ತಪ್ಪಾಯಿತೆಂದು ಕೈ ಮುಗಿದರು. ನೀವು ನನಗೆ ಮಾಡಿದ್ದನ್ನು ನಾನು ಹೇಗೋ ನುಂಗಿಕೊಂಡೇನು. ಅದನ್ನು ನುಂಗಲು ಆಗುತ್ತಿಲ್ಲ.

ಆಸ್ಪತ್ರೆಯಲ್ಲಿ ಹೊತ್ತು ಹೋಗುವುದಿಲ್ಲ. ಬರುವಾಗ ನಿಮ್ಮ ಪತ್ರಗಳನ್ನೆಲ್ಲ ತಂದಿದ್ದೆ, ಬಾಕಿನ ಮೇಲೆ ಕುಳಿತು ಒಂದೊಂದಾಗಿ ಮತ್ತೆ ಓದಿದೆ. ಮಲ್ಲಿಕಸಾಬರು ಎಷ್ಟು ಹೊತ್ತಿಗೆ ಬಂದರು, ಯಾವ ಬಟ್ಟಲಿನಲ್ಲಿ ಚಹಾ ಕುಡಿದರು, ದತ್ತು ಅವರು ಎಲ್ಲಿ ಕೂಡುತ್ತಾರೆ, ಹುಡುಗರು ನಕ್ಕರೋ ಇಲ್ಲವೋ, ಎಲ್ಲ ಕೇಳಿದ್ದೀರಿ. ಐದು ತಿಂಗಳಲ್ಲಿ ನಾನು ಹೇಗಿದ್ದೇನೆಂದು ಒಂದು ಸಲವೂ ಕೇಳಿಲ್ಲ.

ಜಗಳಕ್ಕೆ ಬರೆಯುತ್ತಿಲ್ಲ. ಗಾಡಿ ಓಡುತ್ತದೆಂದು ನಿಮಗೆ ಅಷ್ಟು ಹೊಟ್ಟೆಕಿಚ್ಚಾಯಿತು. ಆ ಗಾಡಿಯನ್ನು ಕಂಡರೆ ನನಗಾದದ್ದೂ ಬೇರೆಯಲ್ಲ. ನಿಮ್ಮ ಪ್ರತಿ ಪತ್ರವನ್ನೂ ನನಗೆಂದು ಒಡೆಯುತ್ತಿದ್ದೆ, ಅದು ಗಾಡಿಗೆ ಬಂದದ್ದಿರುತ್ತಿತ್ತು.

ನಿರುಪಮಾ


ಮುಂಬಯಿ
೧೧ ನವೆಂಬರ್ ೧೯೪೧

ನಿರುಪಮಾ,

ನೀನು ಹೇಗಿದ್ದೀ?

ಇಷ್ಟು ಬರೆಯಲು ನಾಲ್ಕು ಕಾಗದ ಹರಿದೆ. ನಾಲ್ಕರಲ್ಲೂ ಎರಡನೆಯ ಸಾಲಿಗೆ ಗಾಡಿ ಬಂದು ನಿಂತಿತು. ಮಲ್ಲಿಕಸಾಬರಿಗೆ ಬೇರೆ ಪತ್ರ ಬರೆದಿದ್ದೇನೆ, ಎಲ್ಲವನ್ನೂ. ಈ ಪತ್ರದಲ್ಲಿ ಇನ್ನೇನೂ ಬರೆಯುವುದಿಲ್ಲ.

ತ್ರ್ಯಂಬಕ